ಕುಸ್ವಾರ್ ಡಬ್ಬದಲ್ಲಿ ಕನ್ನಡ

ಒಮ್ಮೆ ಸರಿಯಾಗಿ ಕಲಿತ ವಿದ್ಯೆ ಮನುಷ್ಯನನ್ನು ಕೊನೆಯುಸಿರಿನ ತನಕ ಬಿಟ್ಟುಹೋಗುವುದಿಲ್ಲ. ಈ ಮಾತನ್ನು ನಾನು ಪ್ರೌಢಶಾಲೆಯ ತರಗತಿಗಳಲ್ಲಿ ಒಂದು ತಲೆಮಾರಿಗಾಗುವಷ್ಟು ಕಾಲ, ಮೇಜಿಗೆ ಬೆತ್ತ ಕುಟ್ಟಿ ಕುಟ್ಟಿ ಹೇಳಿದ್ದೇನೆ. ಮೊನ್ನೆ ಕಾವೂರು ಕೆರೆಯ ಹತ್ತಿರ ಬೆಳಗಿನ ವಾಕಿಂಗಿನಲ್ಲಿ ಹಳೇ ವಿದ್ಯಾರ್ಥಿಯೊಬ್ಬ ಎದುರಾಗಿ ಕೈ ಮುಗಿದ. ತಲೆಯಲ್ಲಿ ಕೂದಲು ನನಗಿಂತ ಕಡಿಮೆ. "ಸರ್, ನಿಮ್ಮ ಗಣಿತದ ಪಾಠ ಈ ಜನ್ಮದಲ್ಲಿ ಮರೆಯುವ ಹಾಗಿಲ್ಲ" ಎಂದ.

ನಾನು ಕನ್ನಡ ಮಾಸ್ಟ್ರು.

ಇಂಥ ಉಜ್ವಲ ಸೇವಾವಧಿಯನ್ನು ಮುಗಿಸಿ ಪಿಂಚಣಿಯ ಮೇಲೆ ವಿರಾಜಮಾನನಾಗಿದ್ದ ನನ್ನ ಮನೆಯಲ್ಲೇ, ನನ್ನ ಸ್ವಂತ ಸೊಸೆ ಕನ್ನಡ ಪರೀಕ್ಷೆಯಲ್ಲಿ ಫೇಲಾದಳು. ಅವಳ ತಪ್ಪೇನೂ ಇಲ್ಲ. ಹುಟ್ಟಿದ್ದು, ಶಾಲೆಗೆ ಹೋದದ್ದು ಮಸ್ಕತ್‌ನಲ್ಲಿ. ನರ್ಸಿಂಗ್ ಓದಲಿಕ್ಕೆ ಮಂಗಳೂರಿಗೆ ಬಂದವಳು, ನನ್ನ ಮಗನನ್ನು ಮದುವೆಯಾಗಿ ಇಲ್ಲೇ ನಿಂತಳು. ಮನೆಯಲ್ಲಿ ನಮ್ಮೆಲ್ಲರ ಹಾಗೆ ಕೊಂಕಣಿ. ತಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ತುಳು ನೀರು ಕುಡಿದ ಹಾಗೆ. ಕನ್ನಡ, ಬಾಯಿಯಲ್ಲಿ ಬೇಕಾದಷ್ಟು ಉಂಟು. "ಎಂತ ಅಜ್ಜಾ, ಎಲ್ಲಿ ನೋವುಂಟು? ಮಾತ್ರೆ ತಗೊಂಡಿರಾ?" ಎಂದು ಕೇಳುವಷ್ಟು, ಅಜ್ಜ ಸುಳ್ಳು ಹೇಳಿದರೆ ಗದರಿಸುವಷ್ಟು.

ಆದರೆ ಅವಳು ಅರ್ಜಿ ಹಾಕಿದ್ದು ಸರಕಾರಿ ಆಸ್ಪತ್ರೆಯ ನರ್ಸ್ ಹುದ್ದೆಗೆ. ನರ್ಸಿಂಗ್ ವಿಷಯದ ಪತ್ರಿಕೆಯನ್ನು ಚೆನ್ನಾಗಿಯೇ ಮಾಡಿದಳು. ಶಾಲೆಯಲ್ಲಿ ಕನ್ನಡ ಓದದವರು ಕನ್ನಡದ್ದೇ ಬೇರೆ ಪತ್ರಿಕೆಯೊಂದನ್ನು ದಾಟಬೇಕು. ಅಲ್ಲಿ ಅಜ್ಜನೂ ಇಲ್ಲ, ಮಾತ್ರೆಯೂ ಇಲ್ಲ. ಸುತ್ತೋಲೆ, ಅಧಿಸೂಚನೆ, ನಡಾವಳಿ ಮುಂತಾದ, ನಮ್ಮ ಭಾಷೆಯಲ್ಲೇ ಇದ್ದೂ ನಾವು ಯಾರೂ ಮನೆಗೆ ಕರೆಯದ ಶಬ್ದಗಳು ಕುರ್ಚಿ ಹಾಕಿಕೊಂಡು ಕೂತಿರುತ್ತವೆ. ಅವು ಅವಳನ್ನು ಸೋಲಿಸಿದವು. ಇನ್ನೊಂದು ಸಲ ಬರೆಯಬಹುದಿತ್ತು. ಅದರ ನಂತರ ವಯಸ್ಸಿನ ಮಿತಿ ದಾಟುತ್ತಿತ್ತು.

ಆ ಆದಿತ್ಯವಾರ ಪೂಜೆ ಮುಗಿದು ಇಗರ್ಜಿಯ, ಎಂದರೆ ಚರ್ಚಿನ, ಅಂಗಳಕ್ಕೆ ಇಳಿದಾಗ, ನಮ್ಮ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ, ಒಬ್ಬ ಹಿರಿಯರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮನೆಯಲ್ಲಿ ಸಾವಾದಾಗ ಹಿಡಿಯುವ ರೀತಿ. "ಮಾಸ್ಟ್ರೇ, ಕೇಳಿದೆ. ಬೇರೆ ಯಾವ ಸಬ್ಜೆಕ್ಟಿನಲ್ಲಾದ್ರೂ ಆಗ್ಬಹುದಿತ್ತು" ಎಂದರು.

ಮನೆಗೆ ಬಂದು ಸೊಸೆಯ ಹತ್ತಿರ ಕೇಳಿದೆ: ಈ ಹುದ್ದೆ ಬಿಟ್ಟರೆ ಏನು? ಅವಳ ಜೊತೆಗೆ ಓದಿದವರೆಲ್ಲ ಜರ್ಮನಿ, ಐರ್ಲೆಂಡ್ ಎಂದು ಹಾರುತ್ತಿದ್ದಾರಲ್ಲ.

"ಬೇಡ ಪಪ್ಪಾ" ಎಂದಳು. "ಮಸ್ಕತ್‌ನಲ್ಲಿ ಹುಟ್ಟಿದೆ, ಅಲ್ಲಿಯವಳಲ್ಲ. ಇಲ್ಲಿಗೆ ಬಂದೆ, ಇಲ್ಲಿಯ ಭಾಷೆ ಬರೆಯಲಿಕ್ಕೆ ಬರುದಿಲ್ಲ. ಇನ್ನು ಮೂರನೇ ಊರಿಗೆ ಹೋಗಿ ಅಲ್ಲಿ ಎಂತ ಆಗ್ಲಿ? ಈ ಕೆಲಸ ಸಿಕ್ಕಿದ್ರೆ ನಾನು ಇಲ್ಲೇ ಇರ್ತೇನೆ. ಅಷ್ಟೇ."

ಅಷ್ಟೇ ಎಂದದ್ದನ್ನು ನಾನು ಅಷ್ಟಕ್ಕೇ ಬಿಡುವವನಲ್ಲ. ಹೆಂಡತಿ ಆಗ ಮಗಳ ಬಾಣಂತನಕ್ಕೆಂದು ದುಬಾಯಿಗೆ ಹೋಗಿದ್ದಳು. ಹಾಗಾಗಿ ಮನೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಉಳಿದವರು ಸೊಸೆ, ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಮಗ, ಮತ್ತು ನನ್ನ ತಾಯಿ. ತಾಯಿಯನ್ನು ಮನೆಯವರೆಲ್ಲ ಮಾಂಯ್ ಎಂದೇ ಕರೆಯುವುದು. ವಯಸ್ಸು ಎಂಬತ್ತು ದಾಟಿದೆ. ಕಿವಿ ತನಗೆ ಬೇಕಾದದ್ದಕ್ಕೆ ಚುರುಕಾಗಿದೆ.

ಅವತ್ತೇ ಆಜ್ಞೆ ಹೊರಡಿಸಿದೆ: ಪರೀಕ್ಷೆ ಮುಗಿಯುವ ತನಕ ಈ ಮನೆಯಲ್ಲಿ ಕನ್ನಡ ಮಾತ್ರ.

"ದೇವರ ಹತ್ತಿರವೂ?" ಎಂದು ಮಾಂಯ್ ಕೊಂಕಣಿಯಲ್ಲಿ ಕೇಳಿದಳು. ದೇವರಿಗೆ ವಿನಾಯಿತಿ ಕೊಟ್ಟೆ.

ಆಮೇಲೆ ಕುದ್ರೋಳಿಗೆ ಹೋದೆ. ಅಲ್ಲಿ ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ ಇಟ್ಟುಕೊಂಡಿರುವವನು ನನ್ನ ವಿದ್ಯಾರ್ಥಿ. ನಾನು ಯಾವ ವಿಷಯದ ಮಾಸ್ಟ್ರು ಎಂಬುದು ನೆನಪಿರುವ ಕೆಲವರಲ್ಲಿ ಒಬ್ಬ. ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳನ್ನು ಚೀಲ ತುಂಬ ಕೊಟ್ಟ. ಕೆಲವಕ್ಕೆ ಬಂಗಾರದ ಅಂಚು, ಕೆಲವಕ್ಕೆ ಅರ್ಧ ಗಣಪತಿ, ಒಂದೆರಡಕ್ಕೆ ಪಾರಿವಾಳದ ಬಾಲ. ಅವುಗಳ ಮೇಲೆ ಒಂದು ಬದಿಗೆ ಶಬ್ದ, ಇನ್ನೊಂದು ಬದಿಗೆ ಅರ್ಥ ಬರೆದೆ. ಅರ್ಥ ಎಂದರೆ ಸಾಮಾನ್ಯ ಅರ್ಥವಲ್ಲ. ಮೂಲ, ವ್ಯುತ್ಪತ್ತಿ, ಪ್ರಯೋಗ, ಪರ್ಯಾಯ ಪದ. ಒಂದು ಕಾರ್ಡಿನಲ್ಲಿ ಜಾಗ ಸಾಲದೆ ಎರಡನೇ ಕಾರ್ಡನ್ನು ಪಿನ್ ಹೊಡೆದು ಸೇರಿಸಿದ್ದೂ ಉಂಟು.

ಸೊಸೆ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. "ಪಪ್ಪಾ, ಇದು ಕಾರ್ಡಾ, ಪೇಪರಿನ ಸಪ್ಲಿಮೆಂಟಾ?"

ಮನಸ್ಸಿಲ್ಲದ ಮನಸ್ಸಿನಿಂದ, ಬಾಯಿಂದ ಹೇಳಲಿಕ್ಕೆ ಒಂದೇ ಸಾಲಿನ ಅರ್ಥ ಎಂದು ಒಪ್ಪಿದೆ. ಉಳಿದದ್ದು ಅಲಂಕಾರಕ್ಕೆ ಇರಲಿ ಎಂದೆ.

ಇನ್ನು ಕಲಿಸುವ ಕ್ರಮ. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ತೇರ್ಸ್ ತಪ್ಪಿದ್ದಿಲ್ಲ. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಮನೆಯ ದೇವರ ಪೀಠವಾದ ಅಲ್ತಾರಿನ ಮುಂದೆ ಮನೆಮಂದಿಯೆಲ್ಲ ಕೂತು, ಒಬ್ಬರು ಅರ್ಧ ಹೇಳುವುದು, ಉಳಿದವರು ಒಟ್ಟಿಗೆ ಉಳಿದರ್ಧ ಹೇಳಿ ಮುಗಿಸುವುದು. ಕೊನೆಗೆ ಬರುವ ಸ್ತುತಿಮಾಲೆಯಲ್ಲಂತೂ ಒಬ್ಬರು ಒಂದೊಂದೇ ಬಿರುದು ಹೇಳಿದ ಹಾಗೆ ಉಳಿದವರು "ಆಮ್ಚೆ ಖಾತಿರ್ ವಿನತಿ ಕರ್" — ನಮಗಾಗಿ ಬೇಡಿಕೋ — ಎನ್ನುತ್ತ ಹೋಗುತ್ತಾರೆ. ಕಣ್ಣು ಮುಚ್ಚಿರಲಿ, ನಿದ್ದೆ ಬಂದಿರಲಿ, ಬಾಯಿ ತಾನಾಗಿ ಹೇಳುತ್ತದೆ. ಮಾಂಯ್ ಗೊರಕೆಯ ನಡುವೆಯೂ ಒಂದನ್ನೂ ತಪ್ಪಿಸಿದ್ದಿಲ್ಲ. ಇದಕ್ಕಿಂತ ದೊಡ್ಡ ಬೋಧನಾಕ್ರಮ ಪ್ರಪಂಚದಲ್ಲಿ ಇದೆಯೇ ಎಂದು ನಾನು ಯೋಚಿಸಿದೆ. ಇಲ್ಲ ಎಂದು ತೀರ್ಮಾನಿಸಿದೆ.

ಹೀಗೆ ತೇರ್ಸ್ ಮುಗಿದ ಕೂಡಲೇ, ಯಾರೂ ಏಳುವ ಮೊದಲು, ಕಾರ್ಡುಗಳ ಕಟ್ಟನ್ನು ಹಿಡಿದು ನಾನು ಶಬ್ದ ಹೇಳುವುದು, ಅವಳು ಅರ್ಥ ಹೇಳುವುದು ಎಂದು ಆರಂಭವಾಯಿತು. ದಿನಾ ಎಲ್ಲ ಕಾರ್ಡು, ಮೊದಲಿನಿಂದ ಕೊನೆಯ ತನಕ. ಒಂದು ವಾರ ಕಳೆಯುವುದರೊಳಗೆ ಮಾಂಯ್ ಕೂಡ ಸೇರಿಕೊಂಡಳು. ಕೂತಿದ್ದಾಳೆ, ಬಾಯಿ ಖಾಲಿ ಉಂಟು, ಸುಮ್ಮನಿರುವುದು ಹೇಗೆ? ಪಾಳಿ ಇಲ್ಲದ ದಿನ ಮಗನೂ ಸೇರಿದ.

"ಸುತ್ತೋಲೆ" ಎನ್ನುತ್ತಿದ್ದೆ ನಾನು.

"ಎಲ್ಲ ಕಚೇರಿಗಳಿಗೂ ಕಳಿಸುವ ಪತ್ರ" ಎಂದು ಮೂರು ಧ್ವನಿಗಳು.

"ಅಧಿಸೂಚನೆ."

"ಸರಕಾರ ಗೆಜೆಟ್ಟಿನಲ್ಲಿ ಹೊರಡಿಸುವ ಪ್ರಕಟಣೆ."

"ನಡಾವಳಿ."

"ಸಭೆಯಲ್ಲಿ ನಡೆದದ್ದರ ಬರಹ."

ಏನು ಲಯ, ಏನು ಗಾಂಭೀರ್ಯ. ಪಕ್ಕದ ಮನೆಯ ತುಳು ಮಾತಾಡುವ ಹೋಟೆಲಿನವರ ಕುಟುಂಬದ ಹೆಂಗಸು ಗೇಟಿನ ಹತ್ತಿರ ನಿಂತು, "ನಿಮ್ಮಲ್ಲಿ ಈಗ ಪ್ರಾರ್ಥನೆ ಕನ್ನಡದಲ್ಲಿ ಶುರುವಾಯ್ತಾ?" ಎಂದು ವಿಚಾರಿಸಿದರು. ಒಂದೂವರೆ ತಿಂಗಳಲ್ಲಿ ಸೊಸೆ ಇಡೀ ಕಟ್ಟನ್ನು ಒಂದು ತಪ್ಪಿಲ್ಲದೆ ಹೇಳತೊಡಗಿದಳು. ಕಟ್ಟು ಬೆಳೆದಂತೆ ತೇರ್ಸಿಗಿಂತ ಕಾರ್ಡು ಉದ್ದವಾಯಿತು. ಡ್ಯೂಟಿ ಮುಗಿಸಿ ಬಂದವಳು ಗೋಡೆಗೆ ಒರಗಿ ತೂಕಡಿಸುತ್ತಲೇ ಹೇಳುತ್ತಿದ್ದಳು, ಆದರೂ ತಪ್ಪಿಲ್ಲ. ಇಗರ್ಜಿಯ ಆ ಹಿರಿಯರ ಕೈಯನ್ನು ನಾನು ನನ್ನ ಎರಡೂ ಕೈಗಳಲ್ಲಿ ಹಿಡಿಯುವ ದಿನ ದೂರವಿಲ್ಲ ಎನಿಸಿತು.

ಫ್ಯಾನು ಅದನ್ನು ತಪ್ಪಿಸಿತು. ಒಂದು ಸಂಜೆ ಕರೆಂಟು ಹೋಗಿತ್ತು. ಮೇಣದಬತ್ತಿಯಲ್ಲಿ ತೇರ್ಸ್ ಮುಗಿಸಿ ಕಾರ್ಡಿನ ಕಟ್ಟನ್ನು ಬಿಚ್ಚಿ ಸ್ಟೂಲಿನ ಮೇಲೆ ಇಟ್ಟಿದ್ದೆ. ಕರೆಂಟು ಬಂತು, ಫ್ಯಾನು ಐದರಲ್ಲಿತ್ತು. ಬಂಗಾರದ ಅಂಚು, ಅರ್ಧ ಗಣಪತಿ, ಪಾರಿವಾಳದ ಬಾಲಗಳೆಲ್ಲ ಹಾಲಿನ ತುಂಬ ಹಾರಿದವು. ಸೊಸೆ ಹೆಕ್ಕಿದಳು, ಮಗ ಸೋಫಾದ ಅಡಿಯಿಂದ ಎಳೆದ, ಮಾಂಯ್ ಕೋಲಿನಿಂದ ತೋರಿಸಿದಳು. ಕಟ್ಟನ್ನು ಕೈಗೆ ತೆಗೆದುಕೊಂಡು ಎಂದಿನ ಧ್ವನಿಯಲ್ಲಿ ಆರಂಭಿಸಿದೆ. ಯೋಗಾಯೋಗದಿಂದ ಮೊದಲನೆಯದು ಸುತ್ತೋಲೆಯೇ ಬಂತು.

"ಎಲ್ಲ ಕಚೇರಿಗಳಿಗೂ ಕಳಿಸುವ ಪತ್ರ."

ಎರಡನೆಯ ಕಾರ್ಡು ನೋಡಿ ಓದಿದೆ: "ಅಮಾನತು."

"ಸರಕಾರ ಗೆಜೆಟ್ಟಿನಲ್ಲಿ ಹೊರಡಿಸುವ ಪ್ರಕಟಣೆ" ಎಂದು ಮೂರು ಧ್ವನಿಗಳು, ಒಂದಿಷ್ಟೂ ಅಳುಕಿಲ್ಲದೆ.

"ಲಗತ್ತು" ಎಂದೆ, ಸ್ವಲ್ಪ ಮೆಲ್ಲಗೆ.

"ಸಭೆಯಲ್ಲಿ ನಡೆದದ್ದರ ಬರಹ."

ಅಷ್ಟಕ್ಕೆ ಸೊಸೆ ನಿಲ್ಲಿಸಿದಳು. ಮಗ ನಿಲ್ಲಿಸಿದ. ಮಾಂಯ್ ಒಬ್ಬಳೇ, ನಾನು ಏನೂ ಹೇಳದಿದ್ದರೂ, ಮುಂದಿನ ಮೂರು ಅರ್ಥಗಳನ್ನು ಕ್ರಮವಾಗಿ ಹೇಳಿ, ಯಾರೂ ಜೊತೆಗಿಲ್ಲವೆಂದು ಗೊತ್ತಾದ ಮೇಲೆ ಕಣ್ಣು ತೆರೆದಳು.

ಸೊಸೆ ನನ್ನ ಕೈಯಿಂದ ಕಟ್ಟನ್ನು ತೆಗೆದುಕೊಂಡು ನಡುವಿನಿಂದ ಒಂದು ಎಳೆದಳು, ಇನ್ನೊಂದು ಎಳೆದಳು. ಅಂಚು ಬಂಗಾರದ್ದಾಗಿದ್ದ ಒಂದೆರಡನ್ನು ಅಂಚು ನೋಡಿಯೇ ಹೇಳಿದಳು. ಉಳಿದವಕ್ಕೆ ತಲೆ ಅಲ್ಲಾಡಿಸಿದಳು. "ಪಪ್ಪಾ, ನನಗೆ ಒಂದೂ ಗೊತ್ತಿಲ್ಲ" ಎಂದಳು. ಅವಳು ಅಳುವ ಜಾತಿಯವಳಲ್ಲ. ಎದ್ದುಹೋಗಿ ಯೂನಿಫಾರ್ಮ್ ಇಸ್ತ್ರಿ ಹಾಕತೊಡಗಿದಳು. ನೋಡುವವನಿಗೆ ಅದು ಅಳುವುದಕ್ಕಿಂತ ಕಷ್ಟವಾಗಿ ಕಂಡಿತು.

ನಾನು ಪರಿಸ್ಥಿತಿಯನ್ನು ಶಾಂತವಾಗಿ ವಿಮರ್ಶಿಸಿದೆ. ಕ್ರಮದಲ್ಲಿ ದೋಷವಿರಲಿಲ್ಲ. ಅದು ಬೇರೆಯ ಕೆಲಸಕ್ಕಾಗಿ ಮಾಡಿದ ಕ್ರಮ, ಅಷ್ಟೆ. ಪ್ರಾರ್ಥನೆಯಲ್ಲಿ ಮುಂದಿನವರು ಯಾವ ಬಿರುದು ಹೇಳಿದರೂ ನಾವು ಕೊಡುವ ಉತ್ತರ ಒಂದೇ. ದೇವರಿಗೆ ಅದು ಸಾಕು. ಪರೀಕ್ಷಕನಿಗೆ ಸಾಲದು. ನಮ್ಮ ಹುಡುಗಿ ಕಲಿತದ್ದು ಶಬ್ದಗಳನ್ನಲ್ಲ, ಶಬ್ದಗಳ ಮೆರವಣಿಗೆಯನ್ನು. ಮೆರವಣಿಗೆಯಲ್ಲಿ ಕೊಡೆಯವನ ಹಿಂದೆ ಬ್ಯಾಂಡಿನವನು ಎಂದು ಗೊತ್ತಿದ್ದರೆ, ಬ್ಯಾಂಡಿನವನ ಗುರುತು ಹಿಡಿದ ಹಾಗಾಗುವುದಿಲ್ಲ. ನಾಳೆ ಅವನೊಬ್ಬನೇ ಮೀನು ಮಾರ್ಕೆಟಿನಲ್ಲಿ ಸಿಕ್ಕಿದರೆ ಯಾರು ಮಾರಾಯ ಎನ್ನಬೇಕಾಗುತ್ತದೆ.

ಮರುದಿನ ಸೊಸೆಯೇ ವಿಷಯ ತೆಗೆದಳು. ಅವಳ ಆಸ್ಪತ್ರೆಯಲ್ಲಿ ಐಸಿಯು ಡ್ಯೂಟಿಯ ನರ್ಸ್ ಒಬ್ಬಳು ಫೋನಿನ ಆ್ಯಪಿನಲ್ಲಿ ಜರ್ಮನ್ ಕಲಿಯುತ್ತಾಳೆ. "ಅದರಲ್ಲಿಯೂ ಕಾರ್ಡೇ ಪಪ್ಪಾ. ಆದ್ರೆ ಎಲ್ಲ ಕಾರ್ಡು ದಿನಾ ಕೇಳುದಿಲ್ಲ. ಸರಿ ಹೇಳಿದ್ದನ್ನು ದೂರ ಹಾಕ್ತದೆ, ನಾಲ್ಕು ದಿನ ಬಿಟ್ಟು ಕೇಳ್ತದೆ. ಆಗಲೂ ಸರಿ ಹೇಳಿದ್ರೆ ಇನ್ನೂ ದೂರ. ತಪ್ಪಿದ್ರೆ ನಾಳೆಯೇ ವಾಪಸ್."

"ಮರೆಯುವಷ್ಟು ದೂರ ಹಾಕುವುದಾ?"

"ಮರೀಲಿಕ್ಕೆ ಸ್ವಲ್ಪ ಮೊದಲು. ಮರೆತೇ ಹೋಗ್ತದೆ ಅಂತ ಆಗ್ವಾಗ ಎಳೆದು ನೆನಪು ಮಾಡಿದ್ರೆ ಗಟ್ಟಿ ನಿಲ್ತದಂತೆ. ಗೊತ್ತಿದ್ದದ್ದನ್ನೇ ದಿನಾ ಕೇಳಿದ್ರೆ ಪ್ರಯೋಜನ ಇಲ್ಲ."

ಬೆತ್ತ ಕುಟ್ಟಿ ಬದುಕಿದವನಿಗೆ ಇದು ನಾಸ್ತಿಕವಾದದ ಹಾಗೆ ಕೇಳಿಸಿತು. ಅಷ್ಟರಲ್ಲಿ ಮಾಂಯ್ ಬಾಯಿ ಹಾಕಿದಳು. "ಸರಿಯಲ್ವಾ ಪುತಾ? ದಿನಾ ಪಾಪನಿವೇದನೆಗೆ ಹೋದ್ರೆ ಫಾದರಿನ ಹತ್ತಿರ ಹೇಳ್ಲಿಕ್ಕೆ ಪಾಪ ಎಲ್ಲಿಂದ ತರುದು?"

ಫೋನಿನಲ್ಲಿಯೇ ಮಾಡೋಣವೇ ಎಂದು ಕೇಳಿದೆ. ಸೊಸೆ ಬೇಡವೆಂದಳು. ಫೋನು ಕೈಗೆ ಬಂದರೆ ತಾನು ಬೇರೆಲ್ಲಿಗೋ ಹೋಗುತ್ತೇನೆ, ಕಾಗದವೇ ಇರಲಿ, ಲೆಕ್ಕ ಮಾತ್ರ ನೀವು ಇಡಿ ಎಂದಳು. ನನಗೆ ಅಧಿಕಾರದ ಹುದ್ದೆ ಸಿಕ್ಕಿದಂತಾಯಿತು. ಮನೆಯಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ಡಬ್ಬಗಳು ಖಾಲಿ ಬಿದ್ದಿದ್ದವು. ಕಿಡಿಯೋ, ನೆವ್ರಿ, ಗುಳಿಯೋ ಎಂದು ತಿಂಡಿ ತುಂಬಿಸಿ ನೆಂಟರ ಮನೆಗೆ ಹಂಚುವ ತಗಡಿನ ಡಬ್ಬಗಳು. ನಾಲ್ಕನ್ನು ಆರಿಸಿದೆ. ಯಾವುದನ್ನು ಯಾವಾಗ ತೆರೆಯುವುದು ಎಂದು ಯೋಚಿಸುತ್ತಿದ್ದಾಗ ಗೋಡೆಯ ಮೇಲಿನ ಇಗರ್ಜಿಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು.

ಅಲ್ಲಿಯೇ ಉತ್ತರ ತೂಗುತ್ತಿತ್ತು. ತೇರ್ಸ್ ದಿನಾ. ನೊವೆನಾ ಪ್ರಾರ್ಥನೆ ಬುಧವಾರ. ದೊಡ್ಡ ಪೂಜೆ ಆದಿತ್ಯವಾರ. ಪಾಪನಿವೇದನೆ ತಿಂಗಳ ಮೊದಲ ಶುಕ್ರವಾರ. ಜನ ಏನನ್ನು ಎಷ್ಟು ದಿನಕ್ಕೆ ಮರೆಯುತ್ತಾರೆ ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಅಳೆದು ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದರು. ಜರ್ಮನ್ ಕಲಿಸುವ ಫೋನು ಈಗ ಬಂದು ಅದನ್ನೇ ಹೇಳುತ್ತಿದೆ. ಈ ಸಂಶೋಧನೆಯನ್ನು ಮಗನಿಗೆ ವಿವರಿಸಿದೆ. ಅವನು, "ಪಪ್ಪಾ, ನೀವು ಸೋತಾಗಲೂ ಗೆದ್ದ ಹಾಗೆಯೇ ಮಾತಾಡ್ತೀರಿ" ಎಂದು ಹೆಲ್ಮೆಟ್ ಹಾಕಿಕೊಂಡು ಬೈಕಂಪಾಡಿಗೆ ಹೋದ.

ಡಬ್ಬಗಳಿಗೆ ಹೆಸರು ಬಿತ್ತು: ದಿನದ ಡಬ್ಬ, ಬುಧವಾರದ ಡಬ್ಬ, ಆದಿತ್ಯವಾರದ ಡಬ್ಬ, ಮೊದಲ ಶುಕ್ರವಾರದ ಡಬ್ಬ. ಹೊಸ ಕಾರ್ಡು ದಿನದ ಡಬ್ಬಕ್ಕೆ. ಒಂದೆರಡು ದಿನ ತಡವರಿಸದೆ ಹೇಳಿದರೆ ಬುಧವಾರಕ್ಕೆ ಬಡ್ತಿ. ಬುಧವಾರ ಸರಿ ಹೇಳಿದರೆ ಆದಿತ್ಯವಾರಕ್ಕೆ, ಅಲ್ಲಿ ಮತ್ತೆ ಸರಿಯಾದರೆ ಮೊದಲ ಶುಕ್ರವಾರದ ಡಬ್ಬಕ್ಕೆ. ಎಲ್ಲಿ ತಪ್ಪಿದರೂ ನೇರ ದಿನದ ಡಬ್ಬಕ್ಕೆ ಹಿಂಬಡ್ತಿ. ಪ್ರತಿ ಸಲ ತೆಗೆದ ಕೂಡಲೇ ಇಸ್ಪೀಟಿನ ಹಾಗೆ ಕಲಸಬೇಕು. ಸಭ್ಯ ಕುಟುಂಬದಲ್ಲಿ ಹುಟ್ಟಿದ ನಾನು ಇಸ್ಪೀಟು ಕಲಸುವುದನ್ನು ಅರುವತ್ತು ದಾಟಿದ ಮೇಲೆ ಸೊಸೆಯಿಂದ ಕಲಿತೆ. ಅಂಚಿನ ಬಂಗಾರ, ಗಣಪತಿ, ಪಾರಿವಾಳ ಯಾವುದೂ ಇರಬಾರದೆಂದು ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದೆವು. ನನ್ನ ವ್ಯುತ್ಪತ್ತಿಗಳೂ ಅದರೊಂದಿಗೇ ಕತ್ತರಿಸಿಹೋದವು. ಒಂದು ಕಾರ್ಡಿಗೆ ಒಂದು ಅರ್ಥ, ಅದೂ ಸೊಸೆಯ ಸ್ವಂತ ಮಾತಿನಲ್ಲಿ. ಮತ್ತು ಮುಖ್ಯವಾಗಿ, ಅವಳೊಬ್ಬಳೇ ಹೇಳಬೇಕು. ಮೇಳ ವಿಸರ್ಜನೆಯಾಯಿತು.

ಇದು ಮಾಂಯ್‌ಗೆ ಹಿಡಿಸಲಿಲ್ಲ. "ನನಗೆ ಎಲ್ಲ ಬರ್ತದೆ. ನಾನು ಬರೀಬಹುದಿತ್ತು ಪರೀಕ್ಷೆ" ಎಂದಳು. ವಯಸ್ಸಿನ ಮಿತಿ ಅಡ್ಡಬರುತ್ತದೆ ಎಂದು ಸಮಾಧಾನ ಮಾಡಿದೆ.

ಆಮೇಲಿನ ತೊಂದರೆ ಮಾಂಯ್‌ಯ ಕರುಣೆಯದ್ದು. ಅವಳು ಉತ್ತರ ಹೇಳುವುದನ್ನು ಬಿಟ್ಟು ತೀರ್ಪು ಹೇಳಲು ತೊಡಗಿದಳು. ಸೊಸೆ ರಾತ್ರಿಪಾಳಿ ಮುಗಿಸಿ ಬಂದು 'ಜ್ಞಾಪನ'ಕ್ಕೆ, ಅಂದರೆ ಕಚೇರಿಯ ಮೆಮೋಗೆ, 'ಜ್ಞಾಪಕ ಇಟ್ಟುಕೊಳ್ಳುವುದು' ಎಂದೇನೋ ಅರ್ಧಂಬರ್ಧ ಹೇಳಿದರೆ, "ಹತ್ತಿರ ಬಂತಲ್ಲ ಮಾರಾಯ. ಪಾಪ, ರಾತ್ರಿಯಿಡೀ ನಿಂತು ಬಂದಿದ್ದಾಳೆ. ಬುಧವಾರಕ್ಕೆ ಹಾಕು" ಎನ್ನುವಳು.

"ಹತ್ತಿರ ಬಂದದ್ದಕ್ಕೆ ಮಾರ್ಕಿಲ್ಲ ಮಾಂಯ್."

"ದೇವರು ಕೊಡ್ತಾನೆ."

"ಪೇಪರ್ ತಿದ್ದುವುದು ದೇವರಲ್ಲ."

ಇದನ್ನು ಮುಗಿಸಿದ್ದು ಸೊಸೆಯೇ. ಅವಳು ಕಾರ್ಡನ್ನು ನನ್ನ ಕೈಯಿಂದ ತೆಗೆದು ತಾನೇ ದಿನದ ಡಬ್ಬಕ್ಕೆ ಹಾಕಿದಳು. "ಮಾಂಯ್, ಪೇಶೆಂಟಿಗೆ ಜ್ವರ ನೂರಮೂರು ಇದ್ರೆ, ಪಾಪ ಅಂತ ಚಾರ್ಟಿನಲ್ಲಿ ತೊಂಬತ್ತೆಂಟು ಬರೀಲಿಕ್ಕಾಗ್ತದಾ? ಬರೆದ್ರೆ ಸಾಯುವುದು ಪೇಶೆಂಟು." ಮಾಂಯ್ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ತೀರ್ಪು ಹೇಳಲಿಲ್ಲ.

ಮುಂದಿನ ತೊಂದರೆ ನನ್ನದು. ಕ್ರಮ ಕೈಗೆ ಹತ್ತಿದ ಮೇಲೆ ನನಗೆ ಉತ್ಸಾಹ ಬಂತು. ಉತ್ಸಾಹ ಬಂದ ನಿವೃತ್ತ ಮಾಸ್ಟ್ರಿಗಿಂತ ಅಪಾಯಕಾರಿ ಪ್ರಾಣಿ ಮಂಗಳೂರು ನಗರದಲ್ಲಿ ಕಡಿಮೆ. ಸರಕಾರಿ ಕನ್ನಡದ ಶಬ್ದಗಳು ಮುಗಿಯಲಾಗಿ ಗಾದೆ, ನುಡಿಗಟ್ಟು, ವಿರುದ್ಧಪದ ಎಂದು ದಿನಾ ಮುಷ್ಟಿ ತುಂಬ ಹೊಸ ಕಾರ್ಡು ತುರುಕತೊಡಗಿದೆ. ಸೊಸೆಗೆ ರಾತ್ರಿಪಾಳಿಯ ವಾರ ಬಂದು ಕೆಲವು ಸಂಜೆ ಡಬ್ಬ ತೆರೆಯಲೇ ಆಗಲಿಲ್ಲ. ತೆರೆದಾಗ ಕಾರ್ಡುಗಳು ಉಕ್ಕಿ ನೆಲಕ್ಕೆ ಬಿದ್ದವು. ಅವಳು ಆ ರಾಶಿಯನ್ನು ನೋಡಿದ ದೃಷ್ಟಿ, ಫ್ಯಾನಿನ ಸಂಜೆಯ ದೃಷ್ಟಿಯೇ.

"ಪಪ್ಪಾ, ನಮ್ಮ ವಾರ್ಡಿನಲ್ಲಿ ಬೆಡ್ ಖಾಲಿ ಇಲ್ಲದಿದ್ರೆ ಹೊಸ ಅಡ್ಮಿಷನ್ ತಗೊಳ್ಳುದಿಲ್ಲ" ಎಂದಳು.

ಅಂದಿನಿಂದ ಕಾನೂನಾಯಿತು: ದಿನದ ಡಬ್ಬದ ಮುಚ್ಚಳ ಮುಚ್ಚುವುದಿಲ್ಲವಾದರೆ ಹೊಸ ಕಾರ್ಡಿಲ್ಲ. ಮುಚ್ಚುವ ತನಕ ನಾನು ಪೆನ್ನು ಮುಟ್ಟುವಂತಿಲ್ಲ. ರಾತ್ರಿಪಾಳಿಯ ವಾರಗಳಲ್ಲಿ ಹಳೆಯದನ್ನು ಮಾತ್ರ, ಅದೂ ಚಹಾ ಆರುವಷ್ಟು ಹೊತ್ತು. ತಪ್ಪಿಹೋದ ಬುಧವಾರವನ್ನು ಗುರುವಾರ ಮಾಡಿದರೆ ಆಕಾಶ ಬೀಳುವುದಿಲ್ಲ ಎಂಬುದೂ ಗೊತ್ತಾಯಿತು. ನೊವೆನಾಕ್ಕೆ ಆ ಸೌಲಭ್ಯವಿಲ್ಲ.

ಕೆಲವು ಕಾರ್ಡುಗಳಿಗೆ ಮೇಲೇರುವ ಯೋಗವೇ ಇರಲಿಲ್ಲ. 'ಹಿಂಬರಹ' ಅಂಥದು. ದಿನದ ಡಬ್ಬದಿಂದ ಬುಧವಾರಕ್ಕೆ ಹೋಗುವುದು, ಬುಧವಾರ ಬಿದ್ದು ವಾಪಸ್ ಬರುವುದು. ಬಜ್ಪೆಯ ಬಸ್ಸಿನ ಹಾಗೆ ಹೋಗಿಬರುತ್ತಲೇ ಇತ್ತು. ಕಾರ್ಡಿನ ಮೂಲೆಗಳು ಸವೆದು ಗುಂಡಗಾದವು. ಎಷ್ಟು ಸಲ ಕೇಳಿದರೂ ಆಗದ ಕಾರ್ಡನ್ನು ಇನ್ನೂ ಹೆಚ್ಚು ಸಲ ಕೇಳಿ ಪ್ರಯೋಜನವಿಲ್ಲ, ಬರೆದ ಅರ್ಥವೇ ಸರಿ ಇಲ್ಲ ಎಂದು ಸೊಸೆ ವಾದಿಸಿದಳು. ನಾನು ಬರೆದದ್ದು "ಅರ್ಜಿದಾರರಿಗೆ ಕಚೇರಿಯಿಂದ ನೀಡಲಾಗುವ ಲಿಖಿತ ಉತ್ತರ" ಎಂದು. ಇದರಲ್ಲಿ ಏನು ತಪ್ಪಿದೆ ಎಂದು ಕೇಳಿದೆ.

"ತಪ್ಪಿಲ್ಲ ಪಪ್ಪಾ. ಆದ್ರೆ ಇದನ್ನು ಕೇಳಿದ್ರೆ ಕಣ್ಣಿಗೆ ಎಂತದೂ ಕಾಣುದಿಲ್ಲ."

ಆಗ ನನಗೆ ನಮ್ಮ ಮನೆಯ ಎದುರಿನ ಚರಂಡಿ ನೆನಪಾಯಿತು. ಅದರ ವಿಷಯವಾಗಿ ನಾನು ಉತ್ತಮ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟದ್ದು, ಅದಕ್ಕೆ ಬಂದ ಒಂದು ಸಾಲಿನ ಕಾಗದ, ಅದನ್ನು ಓದಿ ನಾನು ಊಟ ಬಿಟ್ಟದ್ದು. ಅಟ್ಟದ ಮೇಲಿಂದ ಹುಡುಕಿ ತಂದು ಅವಳ ಕೈಯಲ್ಲಿ ಇಟ್ಟೆ. ತಲೆಯ ಮೇಲೆ ದಪ್ಪಕ್ಕೆ 'ಹಿಂಬರಹ' ಎಂದಿತ್ತು. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ, ನಕ್ಕು ನಕ್ಕು ಸಾಕಾಗಿ, ಕಾರ್ಡಿನ ಹಿಂದೆ ತಾನೇ ಬರೆದಳು: "ಪಪ್ಪನ ಚರಂಡಿಗೆ ಬಂದ ಉತ್ತರ." ಮುಂದಿನ ಬುಧವಾರ 'ಹಿಂಬರಹ' ದಾಟಿತು. ಆದಿತ್ಯವಾರವನ್ನೂ ದಾಟಿತು. ಚರಂಡಿ ಹಾಗೆಯೇ ಉಂಟು.

ದಿನ ಕಳೆದಂತೆ ದಿನದ ಡಬ್ಬ ಹಗುರವಾಗಿ, ಮೊದಲ ಶುಕ್ರವಾರದ ಡಬ್ಬ ಭಾರವಾಗುತ್ತ ಬಂತು. ಮೊದಲು ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ಕುಕ್ಕರ್ ಮೂರು ವಿಸಿಲ್ ಹೊಡೆಯುವುದರೊಳಗೆ ಮುಗಿಯುತ್ತಿತ್ತು. ಇಷ್ಟು ಕಡಿಮೆ ಓದುವುದು ನನಗೆ ಅನುಮಾನ ತರಿಸಿತು. ಕಷ್ಟಪಡದೆ ಕಲಿಯುವುದು ನಮ್ಮ ಕಾಲದಲ್ಲಿ ಅಶಿಸ್ತು. ಆದುದರಿಂದ ಒಂದು ದಿನ, ಅವಳು ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಾಗ, ಯಾವ ಪೀಠಿಕೆಯೂ ಇಲ್ಲದೆ ಬಾಗಿಲಲ್ಲಿ ನಿಂತು, "ಅಮಾನತು" ಎಂದೆ.

"ವಿಚಾರಣೆ ಮುಗಿಯುವ ತನಕ ಕೆಲಸದಿಂದ ಹೊರಗೆ ಇಡುವುದು" ಎಂದಳು, ಕತ್ತಿಯನ್ನು ನಿಲ್ಲಿಸದೆ.

"ವಜಾ?"

"ಕೆಲಸದಿಂದಲೇ ತೆಗೆಯುವುದು. ಪಪ್ಪಾ, ನೀವು ಈಗ ಇಲ್ಲಿಂದ ಹೋಗದಿದ್ರೆ ಮೊದಲು ಅಮಾನತು, ಆಮೇಲೆ ವಜಾ."

ಆ ವಾಕ್ಯದಲ್ಲಿ ವ್ಯಾಕರಣದ ದೋಷವನ್ನು ಹುಡುಕಿದೆ. ಸಿಗಲಿಲ್ಲ. ಹೋದೆ.

ಪರೀಕ್ಷೆಯ ಹಿಂದಿನ ದಿನ ತಿಂಗಳ ಮೊದಲ ಶುಕ್ರವಾರವಲ್ಲ; ಆದರೂ ಆ ಡಬ್ಬವನ್ನು ತೆರೆಯುವುದು ಉಚಿತವೆಂದು ನಾನು ವಿಶೇಷ ಆದೇಶ ಹೊರಡಿಸಿದೆ. ಅವಳು ಅದರಿಂದ ಕಣ್ಣು ಮುಚ್ಚಿ ಒಂದು ಹಿಡಿ ತೆಗೆದಳು. ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟು. ತಪ್ಪಿದ್ದು 'ಸುತ್ತೋಲೆ'. ಮೊತ್ತಮೊದಲ ಕಾರ್ಡು; ಮೆರವಣಿಗೆಯ ದಿನಗಳಲ್ಲಿ ಸಾವಿರ ಸಲ ಕೂಗಿದ್ದು. ಒಳಗಿನ ಕೋಣೆಯಿಂದ ಮಾಂಯ್‌ಯ ಧ್ವನಿ ಬಂತು: "ಎಲ್ಲ ಕಚೇರಿಗಳಿಗೂ ಕಳಿಸುವ ಪತ್ರ, ಬಾಯೆ."

ಸೊಸೆ ಕಾರ್ಡನ್ನು ದಿನದ ಡಬ್ಬಕ್ಕೆ ಹಾಕಿದಳು. ಬೇರೆ ಏನೂ ಇಲ್ಲದ ಡಬ್ಬದಲ್ಲಿ ಅದೊಂದೇ ಸದ್ದು ಮಾಡಿ ಬಿತ್ತು. "ಬೆಳಿಗ್ಗೆ ಒಮ್ಮೆ ಕೇಳಿ" ಎಂದು ಹೇಳಿ ಒಂಬತ್ತಕ್ಕೆ ಮಲಗಿದಳು. ಕಳೆದ ಸಲ ಪರೀಕ್ಷೆಯ ಮೊದಲು ಬೆಳಗಾಗುವ ತನಕ ದೀಪ ಉರಿಸಿ ಓದಿದ್ದಳು. ಬೆಳಿಗ್ಗೆ ಸ್ಕೂಟರ್ ತೆಗೆಯುವ ಮೊದಲು ಗೇಟಿನಲ್ಲಿ ಕೇಳಿದೆ. ಹೇಳಿದಳು.

ಮಧ್ಯಾಹ್ನ ಬಂದಳು. ಒಂದು ಗ್ಲಾಸು ನೀರು ಕುಡಿಯಲಿ ಎಂದು ನಾನು ತಡೆದೆ. ಮಾಂಯ್ ಅಷ್ಟೂ ತಡೆಯಲಿಲ್ಲ. "ಎಂತ ಕೇಳಿದ್ರು?"

"ಒಂದು ಹಿಂಬರಹ ಬರೀಲಿಕ್ಕೆ ಇತ್ತು" ಎಂದಳು ಸೊಸೆ. "ಚರಂಡಿದೇ ಬರೆದೆ."

ಫಲಿತಾಂಶ ಬರುವಷ್ಟರಲ್ಲಿ ಹೆಂಡತಿ ದುಬಾಯಿಯಿಂದ ಹಿಂತಿರುಗಿದ್ದಳು. ಬಂದವಳು ಮೊದಲು ಮಾಡಿದ ಕೆಲಸ, ಕುಸ್ವಾರ್ ಮಾಡುವ ಕಾಲ ಬಂತೆಂದು ಡಬ್ಬಗಳನ್ನು ಕೇಳಿದ್ದು. ಮೂರನ್ನು ತೊಳೆದು ಕೊಟ್ಟೆ. ಮೊದಲ ಶುಕ್ರವಾರದ ಡಬ್ಬವನ್ನು ಸೊಸೆ ಕೊಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೂ ತಿಂಗಳಿಗೊಮ್ಮೆ ತೆರೆಯುತ್ತೇನೆ ಎಂದಳು. ಆ ವರ್ಷ ಒಂದು ಮನೆಗೆ ನೆವ್ರಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹೋಯಿತು. ಅದು ಇಗರ್ಜಿಯ ಆ ಹಿರಿಯರ ಮನೆ. ಅಲ್ಲಿಗೆ ನಾನೇ ಕೊಂಡುಹೋದೆ. ಬಾಗಿಲಲ್ಲಿ ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ.

ಸೊಸೆ ಕನ್ನಡ ಪತ್ರಿಕೆಯಲ್ಲಿ ತೇರ್ಗಡೆಯಾದಳು.